ಚೀಟಿಯ ಹಿಂಬದಿ

ತುಂಬಿ ಮುಚ್ಚಳ ಒತ್ತಿದ ಬಾಟಲಿಯ ಹೊರಮೈಯನ್ನು ಅವನು ಮೂರನೆಯ ಸಲ ತೊಳೆಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನಿಗೆ ಕಿರಿಕಿರಿಯಾಯಿತು. ತಾನೇ ಮಾಡಿ ಒಳಗೆ ತುಂಬಿದ ಬಿಯರಿಗೂ ಹೊರಗಿನ ಗಾಜಿಗೂ ಸಂಬಂಧವಿಲ್ಲವೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು; ಆದರೆ ಸಂಬಂಧವಿಲ್ಲದ್ದನ್ನು ಉಜ್ಜುತ್ತ ನಿಲ್ಲುವುದು ಈ ಒಂದು ತಿಂಗಳಲ್ಲಿ ಅವನಿಗೆ ರೂಢಿಯಾಗಿಬಿಟ್ಟಿತ್ತು. ಗಂಟೆ ಎರಡೂಕಾಲು. ಮೂರಕ್ಕೆ ಫೋಟೋ ಸ್ಟುಡಿಯೋದ ಮಹಡಿಯಲ್ಲಿ ಬಿಯರು ಕೂಟದ ನಾಲ್ವರೂ ಸೇರಬೇಕು. ತಿಂಗಳ ಕೊನೆಯ ಭಾನುವಾರವೆಂದರೆ ಊಟ ಮುಗಿಸಿ ಕೈ ಒರೆಸಿಕೊಳ್ಳುವುದರೊಳಗೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದವನು ಇವತ್ತು ಒಂದು ಹೊಟ್ಟೆನೋವಾದರೂ ಬರಬಾರದೇ ಎಂದು ಬೆಳಿಗ್ಗೆಯಿಂದ ಕಾದಿದ್ದ. ಬರಲಿಲ್ಲ. ಊಟವೂ ಸರಿಯಾಗಿಯೇ ಸೇರಿತು. ಮೇಜಿನ ಮೇಲೆ ಅರ್ಧ ತಿಂದ ಎರಡು ಬ್ರೆಡ್ಡು, ಪೊಟ್ಟಣ ಒಡೆಯದ ಇನ್ನೊಂದು ಬ್ರೆಡ್ಡು ಬಿದ್ದಿದ್ದವು. “ಹೋಗೋದಾದ್ರೆ ಹೋಗಿ. ಇಲ್ಲಾಂದ್ರೆ ಕೂತ್ಕೊಂಡು ಆ ಬ್ರೆಡ್ಡಾದ್ರೂ ಖಾಲಿ ಮಾಡಿ,” ಎಂದಳು ಹೆಂಡತಿ ಕೊನೆಗೆ, ಬೂಸ್ಟು ಹಿಡಿದ ತುದಿಯನ್ನು ಚಾಕುವಿನಿಂದ ಕತ್ತರಿಸಿ ಬುಟ್ಟಿಗೆ ಹಾಕುತ್ತ. ಅವನು ಬಾಟಲಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಚೀಲಕ್ಕಿಳಿಸಿದ.

ಬ್ರೆಡ್ಡಿನ ಕತೆ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಒಂದು ತಿಂಗಳಲ್ಲಿ ಅವನು ಏಳು ಸಲ ಬೇಕರಿಗೆ ಹೋಗಿದ್ದ. ಹೋದದ್ದು ಬ್ರೆಡ್ಡಿಗಲ್ಲ. ಬೇಕರಿಯ ಯಜಮಾನರನ್ನು ಕಂಡು, ತಪ್ಪಾಯಿತು ಎಂದು ಒಂದು ಮಾತು ಹೇಳಿ ಬರಬೇಕೆಂದು ಹೋದದ್ದು. ಬೀದಿಯ ತಿರುವಿನಿಂದ ಮಾತು ಜೋಡಿಸಿಕೊಂಡು ಬರುತ್ತಿದ್ದ, ಗಾಜಿನ ಕಪಾಟಿನ ಮುಂದೆ ನಿಂತೊಡನೆ ಕೌಂಟರಿನ ಹುಡುಗಿ ಏನು ಕೊಡಲಿ ಎಂದು ಕೇಳುತ್ತಿದ್ದಳು, ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು, “ಒಂದು ಬ್ರೆಡ್ಡು.” ಒಳಗೆ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತ ಯಜಮಾನರ ಬೆನ್ನು ಕಾಣುತ್ತಿತ್ತು. ಐದನೆಯ ಸಲ ಅವರು ತಿರುಗಿ ನೋಡಿದರು ಕೂಡ. ಗಿರಾಕಿಯನ್ನು ನೋಡುವಂತೆ ನೋಡಿ, ಮೆಲ್ಲಗೆ ತಲೆಯಾಡಿಸಿ, ಮತ್ತೆ ಒಲೆಯ ಕಡೆ ತಿರುಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದುಕೊಳ್ಳುತ್ತ ಆ ಸಂಜೆ ಅವನು ಎರಡು ಬ್ರೆಡ್ಡು ಕೊಂಡುತಂದಿದ್ದ.

ರಸ್ತೆಯಲ್ಲಿ ಬಿಸಿಲು ಚೆನ್ನಾಗಿತ್ತು. ಚೀಲವನ್ನು ಅಲುಗಾಡಿಸದಂತೆ ಎದೆಗೆ ಒತ್ತಿಕೊಂಡು ನಡೆದ. ಅಲುಗಿದರೆ ತಳದ ಗಸಿ ಮೇಲೆದ್ದು ಬಿಯರು ಕದಡುತ್ತದೆ. ಹಾಗೆ ಎದೆಗೊತ್ತಿಕೊಂಡು ನಡೆಯುವುದನ್ನು ಕಲಿಸಿದವರೂ ಯಜಮಾನರೇ. ಎಂಟು ವರ್ಷದ ಹಿಂದೆ ಅವರ ಹೆಂಡತಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವನು ಅವನು. ಅವನು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸಿದ ಮೇಲೆ ಹಿಂದಿನ ಕೋಣೆಯಲ್ಲಿ ಕೂತು ಒಂದೊಂದೇ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಕೂರಿಸಿ, ಉಜ್ಜಿ ಹೊಳಪು ಕೊಡುವವನು. ಬಾವಮೈದ ಇವತ್ತಿಗೂ ಯಾರಿಗಾದರೂ ಪರಿಚಯ ಮಾಡಿಸುವಾಗ “ನಮ್ಮ ಬಾವ, ಡೆಂಟಿಸ್ಟು” ಎಂದು ಹೇಳಿ, ಒಂದು ಕ್ಷಣ ತಡೆದು, “ಅಂದ್ರೆ, ಆ ಲೈನಲ್ಲೇ ಇದಾರೆ” ಎಂದು ಸೇರಿಸುತ್ತಾನೆ. ಆ ಒಂದು ಕ್ಷಣದಲ್ಲಿ ಕೈ ಎಲ್ಲಿಡಬೇಕೆಂದು ಅವನಿಗೆ ಯಾವತ್ತೂ ತಿಳಿದಿಲ್ಲ. ಸೆಟ್ಟು ತಲುಪಿಸಲು ಹೋದ ದಿನ ಯಜಮಾನರು ಅವನನ್ನು ಒಲೆಯ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಈಗ ಒಳಗೆ ಬೇಯುತ್ತಿರುವುದು ಬನ್ನೋ ಬ್ರೆಡ್ಡೋ ಹೇಳು ಎಂದಿದ್ದರು. ಬನ್ನು, ಆದರೆ ಒಂದು ತಟ್ಟೆ ಆಗಲೇ ಸೀಯುತ್ತಿದೆ ಎಂದಿದ್ದ. ಅವರು ಓಡಿಹೋಗಿ ತಟ್ಟೆ ಎಳೆದಿದ್ದರು. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ, “ಮೂಗು ಇಟ್ಕೊಂಡು ಹಲ್ಲು ಮಾಡ್ತಾ ಕೂತಿದೀಯಲ್ಲಯ್ಯ,” ಎಂದಿದ್ದರು. ಅಲ್ಲಿಯವರೆಗೆ ಅವನಲ್ಲಿ ಏನಾದರೂ ಇದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಮುಂದಿನ ವಾರವೇ ಅವರು ಬಿಯರು ಮಾಡುವ ಹಿತ್ತಿಲ ಶೆಡ್ಡಿನಲ್ಲಿ ಮೊಳಕೆಯೊಡೆಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿಗೆ ಸುರಿದು ಸೌಟಾಡಿಸುತ್ತ ನಿಂತಿದ್ದ.

ಸ್ಟುಡಿಯೋ ಇನ್ನೂ ಎರಡು ಬೀದಿ ದೂರವಿತ್ತು. ಬೇಗ ತಲುಪಬಾರದೆಂದು ನಿಧಾನ ಮಾಡಿದ. ತಡವಾದರೆ ಎಲ್ಲರ ಕಣ್ಣೂ ಬಾಗಿಲ ಮೇಲೆ ಬೀಳುತ್ತದೆಂದು ಮತ್ತೆ ಹೆಜ್ಜೆ ಬಿರುಸು ಮಾಡಿದ. ಯಜಮಾನರು ಬಂದಿರುತ್ತಾರೋ ಇಲ್ಲವೋ, ಬಂದಿದ್ದರೆ ಪಕ್ಕದಲ್ಲಿ ಕೂರುತ್ತಾರೋ ಇಲ್ಲವೋ. ಎಂಟು ವರ್ಷ ಅವರ ಎಡಗಡೆಯ ಕುರ್ಚಿ ಅವನದು. ಅದೇ ಕುರ್ಚಿಯಲ್ಲಿ ಕೂತು ಅವನು ನಗೆಪಾಟಲಾಗಿದ್ದೂ ಉಂಟು. ಎರಡು ವರ್ಷದ ಹಿಂದೆ, ಮನೆಯ ಬಕೆಟ್ಟು ಸೀಳಿತ್ತೆಂದು, ಹಲ್ಲಿನ ಕೋಣೆಯಿಂದ ಒಂದು ಬಕೆಟ್ಟು ತಂದು ಅದರಲ್ಲಿ ಬಿಯರು ಹುದುಗಿಸಿದ್ದ. ಯಜಮಾನರು ಲೋಟವನ್ನು ಮೂಗಿಗೆ ಹಿಡಿದು, ಯಾರದೆಂದು ಗೊತ್ತಿಲ್ಲದವರಂತೆ, “ಇದನ್ನ ಕುಡಿಯೋದಕ್ಕಿಂತ ಬಾಯೊಳಗೆ ಅಂಟಿಸ್ಕೊಳ್ಳೋದು ವಾಸಿ. ಒಸಡಿನ ವಾಸನೆ,” ಎಂದಿದ್ದರು. ಸ್ಟುಡಿಯೋದವನು ಕುರ್ಚಿಯಿಂದ ಬೀಳುವಷ್ಟು ನಕ್ಕ. ಅಂದಿನಿಂದ ಆ ಬಿಯರು ಮಾಡಿದವನ ಹೆಸರೇ ಒಸಡು. ಬಂದ್ಯಾ ಒಸಡೂ, ಕೂತ್ಕೋ ಒಸಡೂ. ಯಜಮಾನರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಸಡಿನ ಪುಡಿ ಕಲಸುವ ದ್ರವ ಆ ಬಕೆಟ್ಟಿನಲ್ಲಿ ಚೆಲ್ಲಿತ್ತು. ನಿಜವಾಗಿದ್ದಕ್ಕೇ ಅದು ಒಳಗೆ ಮುಳ್ಳಿನ ಹಾಗೆ ಕೂತಿತ್ತು. ಅಷ್ಟು ಆಳಕ್ಕೆ ಕೂತಿತ್ತೆಂದು ಅವನಿಗೇ ಗೊತ್ತಿರಲಿಲ್ಲ, ಹೋದ ತಿಂಗಳವರೆಗೆ.

ಅವರ ಕೂಟದ ಪದ್ಧತಿ ಹೊರಗಿನವರು ನೋಡಿದರೆ ನಗುವಂಥದ್ದು. ನಾಲ್ಕೇ ಜನ: ಯಜಮಾನರು, ಸ್ಟುಡಿಯೋದವನು, ಆಸ್ಪತ್ರೆಯಲ್ಲಿ ನರ್ಸಾಗಿರುವ ಸಿಸ್ಟರು, ಅವನು. ಅವರವರು ಮನೆಯಲ್ಲಿ ಮಾಡಿದ ಬಿಯರನ್ನು ಹೆಸರಿಲ್ಲದ ಬಾಟಲಿಯಲ್ಲಿ ತರಬೇಕು. ಸ್ಟುಡಿಯೋದವನು ಹಿಂದೆ ಫೋಟೋ ತೊಳೆಯುತ್ತಿದ್ದ ಕತ್ತಲೆಕೋಣೆಯ ಪರದೆಯ ಹಿಂದೆ ಹೋಗಿ, ಲೋಟಗಳಿಗೆ ಬಗ್ಗಿಸಿ, ನಂಬರು ಹಾಕಿ ತರುತ್ತಾನೆ. ಯಾವುದು ಯಾರದೆಂದು ಯಾರೂ ಕೇಳಬಾರದು. ಸಿಸ್ಟರದ್ದು ಯಾವಾಗಲೂ ಕಪ್ಪು, ಸ್ಟುಡಿಯೋದವನದ್ದು ಯಾವಾಗಲೂ ಕದಡು, ಯಜಮಾನರದ್ದರ ಮೇಲೆ ಮಾತ್ರ ಕೊನೆಯ ಗುಟುಕಿನವರೆಗೂ ಇಳಿಯದ ಬಿಳಿ ನೊರೆ. ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಆದರೂ ನಾಲ್ವರೂ ಗೊತ್ತಿಲ್ಲದವರ ಮುಖ ಮಾಡಿಕೊಂಡು, ಮೊದಲು ಮೂಸಿ, ಆಮೇಲೆ ಒಂದು ಗುಟುಕು ಕುಡಿದು, ಅನಿಸಿದ್ದನ್ನು ಚೀಟಿಯಲ್ಲಿ ಬರೆಯುತ್ತಾರೆ. ಬರೆಯುವವರೆಗೆ ಮಾತಿಲ್ಲ. ಬರೆದದ್ದನ್ನು ಒಬ್ಬೊಬ್ಬರಾಗಿ ಓದಬೇಕು, ಮೊದಲು ಹಿರಿಯರು. ಓದುವಾಗ ಒಂದು ಅಕ್ಷರವನ್ನೂ ಬದಲಿಸುವ ಹಾಗಿಲ್ಲ. ಬೇರೆಯವರ ಮುಖ ನೋಡಿ ಮಾತು ತಿದ್ದಿಕೊಳ್ಳುವುದು ಮನುಷ್ಯನ ಸ್ವಭಾವ, ಅದಕ್ಕೇ ಈ ಚೀಟಿ ಎಂದು ಯಜಮಾನರೇ ಮಾಡಿದ ನಿಯಮ.

ಚಳಿಗಾಲದಲ್ಲಿ ಯಜಮಾನರು ಜ್ವರ ಬಂದು ಮೂರು ವಾರ ಮಲಗಿದ್ದರು. ಎದ್ದು ಬಂದ ಮೇಲೆ ಬೇಕರಿಯ ಒಲೆಯ ಮೇಲೆ ಒಂದು ಹೊಸ ಗೋಡೆಗಡಿಯಾರ ಬಂತು. ನಲವತ್ತು ವರ್ಷ ಗಡಿಯಾರದ ಗೊಡವೆಗೇ ಹೋಗದೆ, ಬೀದಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದವರು ಮಾತು ಅರ್ಧಕ್ಕೆ ಬಿಟ್ಟು, ಬೆಂದಿತು ಎಂದು ಒಳಗೆ ಓಡುತ್ತಿದ್ದ ಮನುಷ್ಯ. ಇದೇನು ಯಜಮಾನ್ರೇ ಗಡಿಯಾರ ಎಂದು ಅವನು ಕೇಳಿದ್ದಕ್ಕೆ, ವಯಸ್ಸಾಯಿತು, ಮರೆವು ಎಂದಿದ್ದರು. ಹೇಳುವಾಗ ಅವನ ಮುಖ ನೋಡಿರಲಿಲ್ಲ. ಅದಾದ ಮೇಲಿನ ಕೂಟಗಳಲ್ಲಿ ಅವರು ಲೋಟವನ್ನು ಮೂಗಿನ ಕೆಳಗೆ ತುಂಬ ಹೊತ್ತು ಹಿಡಿಯುತ್ತಿದ್ದರು, ಬಾಗಿಲು ತಟ್ಟಿ ಒಳಗಿನವರು ಬರಲೆಂದು ಕಾಯುವವರ ಹಾಗೆ. ಆಮೇಲೆ ಪೆನ್ನಿನ ಮುಚ್ಚಳ ಹುಡುಕುವ ನೆವದಲ್ಲಿ ಎಡಕ್ಕೆ ವಾಲುತ್ತಿದ್ದರು. ಎಡಕ್ಕೆ ಅವನ ಚೀಟಿ. ಅವನು “ಜೇನು, ಒದ್ದೆ ಹುಲ್ಲು” ಎಂದು ಬರೆದಿದ್ದರೆ ಅವರು ಸ್ವಲ್ಪ ತಡೆದು, “ಜೇನಿನ ಹಾಗೆ ಏನೋ, ಹಿಂದೆ ಹಸಿರು ವಾಸನೆ” ಎಂದು ಓದುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ. ಗಡಿಯಾರವನ್ನೂ ಇದನ್ನೂ ಕೂಡಿಸಿದರೆ ಎಷ್ಟಾಗುತ್ತದೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಿರಲಿಲ್ಲ, ಬರೀ ಅನುಮಾನವಿತ್ತು, ಖಾತ್ರಿ ಮಾಡಿಕೊಳ್ಳಲೆಂದು ಹಾಗೆ ಮಾಡಿದೆ ಎಂದು ಈ ತಿಂಗಳಿಡೀ ಅವನು ತನಗೆ ತಾನೇ ಹೇಳಿಕೊಂಡಿದ್ದ. ಹಲ್ಲು ಉಜ್ಜುವ ಯಂತ್ರ ಗುಂಯ್ ಎನ್ನುತ್ತಿರುವಾಗ ಆ ಮಾತು ನಂಬುವಂತಿರುತ್ತಿತ್ತು. ಯಂತ್ರ ನಿಂತೊಡನೆ ಬಿದ್ದುಹೋಗುತ್ತಿತ್ತು.

ಹೋದ ತಿಂಗಳು ಮೂರನೆಯ ಲೋಟ ಸಿಸ್ಟರ ಕಪ್ಪು ಬಿಯರು. ಮೂಗಿಲ್ಲದವನಿಗೂ ಗೊತ್ತಾಗುವಂತೆ ಹುರಿದ ಕಾಫಿಯ ವಾಸನೆ ಹೊಡೆಯುತ್ತಿತ್ತು. ಮೂಗಿಲ್ಲದವನಿಗೂ ಎಂಬ ಆ ಮಾತೇ ಆಗ ಅವನ ತಲೆಯಲ್ಲಿ ಬಂದದ್ದು, ನೆನೆದರೆ ಈಗ ನಾಚಿಕೆಯಾಗುತ್ತದೆ. ಚೀಟಿಯಲ್ಲಿ “ಹುರಿದ ಕಾಫಿ, ಸುಟ್ಟ ಬ್ರೆಡ್ಡಿನ ಅಂಚು” ಎಂದು ಬರೆದ. ಪಕ್ಕದಲ್ಲಿ ಪೆನ್ನಿನ ಮುಚ್ಚಳ ಬಿದ್ದ ಸದ್ದಾಯಿತು. ಅವನ ಕೈ ತಾನಾಗಿಯೇ ಚೀಟಿಯನ್ನು ಮಗುಚಿತು. ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ, ವಯಸ್ಸಾದ ಕಣ್ಣಿಗೂ ಕಾಣುವಂತೆ, “ಕಿತ್ತಳೆ ಸಿಪ್ಪೆ, ಕೊನೆಗೆ ಸಾಬೂನು” ಎಂದು ಬರೆದು, ತೋಳು ಅಡ್ಡವಿಡದೆ ಕೂತ. ಯಜಮಾನರು ಮೊದಲು ಓದಿದರು. “ಕಿತ್ತಳೆ ಸಿಪ್ಪೆ ಥರ ಇದೆ. ಕೊನೇಲಿ ಸ್ವಲ್ಪ ಸೋಪು.” ಸ್ಟುಡಿಯೋದವನು, ತಮಾಷೆಯೆಂದುಕೊಂಡು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಸಿಸ್ಟರು ನಗಲಿಲ್ಲ. ಮುಂದಿನ ಸರದಿ ಅವನದು. ಆಗಲಾದರೂ ಹಿಂಬದಿಯಲ್ಲಿದ್ದುದನ್ನೇ ಓದಿ, ನನಗೂ ಕಿತ್ತಳೆಯೇ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವನು ಎಲ್ಲರ ಕಣ್ಣೆದುರಿಗೇ ಚೀಟಿಯನ್ನು ಮಗುಚಿ, ಮುಂಬದಿಯದನ್ನು ಓದಿದ: ಹುರಿದ ಕಾಫಿ, ಸುಟ್ಟ ಬ್ರೆಡ್ಡಿನ ಅಂಚು. ಯಜಮಾನರು ಅವನ ಕೈಯನ್ನು ನೋಡಿದರು, ಮುಖವನ್ನಲ್ಲ. ನಾಲ್ಕನೆಯ ಲೋಟಕ್ಕೆ ಕಾಯದೆ, ಒಲೆಯ ಕೆಲಸವಿದೆಯೆಂದು ಹೇಳಿ ಎದ್ದುಹೋದರು. ಆವತ್ತು ಭಾನುವಾರ, ಒಲೆ ಆರಿತ್ತು. ಮೆಟ್ಟಿಲಿಳಿಯುವಾಗ ಸಿಸ್ಟರು ಅವನಿಗೆ ಇಷ್ಟೇ ಹೇಳಿದ್ದರು, “ಅವರಿಗೆ ವಾಸನೆ ಹೋಗಿದೆ ಅಂತ ನಿಮಗೆ ಗೊತ್ತಿತ್ತು.” ಅದು ಪ್ರಶ್ನೆಯಾಗಿರಲಿಲ್ಲ.

ಸ್ಟುಡಿಯೋದ ಮೆಟ್ಟಿಲು ಹತ್ತುವಾಗ ಎಂದಿನಂತೆ ಹಳೆಯ ಫೋಟೋ ದ್ರವದ ಹುಳಿ ವಾಸನೆ ಮೂಗಿಗೆ ಬಂತು. ಇಪ್ಪತ್ತು ವರ್ಷದಿಂದ ಅಲ್ಲಿ ಯಾರೂ ಫೋಟೋ ತೊಳೆದಿಲ್ಲ, ಆದರೂ ಗೋಡೆ ಮರೆತಿಲ್ಲ. ಈ ವಾಸನೆ ಯಜಮಾನರಿಗೆ ಈಗ ಬರುವುದಿಲ್ಲ. ಮೆಟ್ಟಿಲಿನ ಧೂಳು, ಸಿಸ್ಟರ ಕೈಯ ಆಸ್ಪತ್ರೆಯ ಸೋಪು, ಸ್ಟುಡಿಯೋದವನ ತಲೆಯೆಣ್ಣೆ, ಸ್ವಂತ ಹೆಂಡತಿ ಬಾಗಿಲು ತೆರೆದಾಗ ಬರುವ ಮನೆಯ ಗಾಳಿ, ಯಾವುದೂ ಇಲ್ಲ. ಈ ತಿಂಗಳಲ್ಲಿ ಅವನು ಒಂದು ರಾತ್ರಿ ಊಟಕ್ಕೆ ಕೂತಾಗ ಮೂಗು ಹಿಡಿದುಕೊಂಡು ಉಂಡು ನೋಡಿದ್ದ. ಬಾಯಲ್ಲಿ ಉಪ್ಪು ಇತ್ತು, ಖಾರ ಇತ್ತು, ಬಿಸಿ ಇತ್ತು, ಊಟ ಇರಲಿಲ್ಲ. ಇದೇನು ಹೊಸ ಹುಚ್ಚು ಎಂದಿದ್ದಳು ಹೆಂಡತಿ.

ಯಜಮಾನರು ಬಂದಿದ್ದರು. ಅವನಿಗಿಂತ ಮೊದಲೇ ಬಂದು ಕೂತಿದ್ದರು. ತಮ್ಮ ಕುರ್ಚಿಯಲ್ಲಲ್ಲ, ಅದರ ಎದುರಿಗೆ, ಕಿಟಕಿಯ ಕಡೆ. ಅವರ ಎಡಗಡೆಗೆ ಗೋಡೆ. ಕಾಲ ಬಳಿ ಬೇಕರಿಯ ಕಂದು ಕಾಗದದ ಒಂದು ಪೊಟ್ಟಣ, ದಾರ ಕಟ್ಟಿದ್ದು. ಗಡ್ಡ ಹೊಸದಾಗಿ ಬೋಳಿಸಿದ್ದರು, ಕೆನ್ನೆಯ ಮೇಲೆ ಒಂದು ಕಡೆ ಸೋಪಿನ ನೊರೆ ಒಣಗಿ ಉಳಿದಿತ್ತು. ಅವನು ಒಳಗೆ ಬಂದಾಗ ಅವರು ತಲೆಯೆತ್ತಿ, “ಬಾ ಒಸಡೂ,” ಎಂದರು. ಎರಡು ವರ್ಷ ಕೇಳಿ ಕೇಳಿ ಸಿಟ್ಟು ಬರುತ್ತಿದ್ದ ಹೆಸರು ಇವತ್ತು ಕಿವಿಗೆ ಹಿತವಾಯಿತು. ಕ್ಷಮಿಸಿಬಿಟ್ಟಿದ್ದಾರೆ ಎಂದುಕೊಂಡ. ಹಾಗಂದುಕೊಂಡದ್ದೇ ತಡ, ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಇನ್ನು ಬೇಕಾಗಿಲ್ಲವೆಂದು ಅವನ ಒಳಗಿನ ಹೇಡಿ ಹಗುರಾದ. ಹೇಳಬೇಕಾದ್ದನ್ನು ಹೇಳದೆಯೇ ಕಳೆಯಿತಲ್ಲ, ಸದ್ಯ.

ಸ್ಟುಡಿಯೋದವನು ಅಂದು ಅತಿಯಾಗಿ ಮಾತಾಡುತ್ತಿದ್ದ. ಯಾವುದೋ ಮದುವೆಯ ಫೋಟೋಗಳಲ್ಲಿ ಮದುಮಗನ ಕಣ್ಣು ಎಲ್ಲದರಲ್ಲೂ ಮುಚ್ಚಿಕೊಂಡಿದ್ದು, ಕೊನೆಗೆ ಅವನ ತಮ್ಮನ ಕಣ್ಣು ತಂದು ಅಂಟಿಸಿದ ಕತೆ ಹೇಳಿದ. ಎಲ್ಲರೂ ನಕ್ಕರು, ಯಜಮಾನರೂ ನಕ್ಕರು. ಪರದೆಯ ಹಿಂದೆ ಮುಚ್ಚಳಗಳು ಒಂದೊಂದಾಗಿ ಉಸ್ಸೆಂದವು. ಸಿಸ್ಟರು ಚೀಟಿ ಹಂಚಿದರು. ಯಜಮಾನರ ಮುಂದೆ ಇಡುವುದೋ ಬಿಡುವುದೋ ಎಂದು ಅವರ ಕೈ ಗಾಳಿಯಲ್ಲಿ ಒಂದು ಚೂರು ನಿಂತಿತು. “ಕೊಡಿ ಸಿಸ್ಟರೇ, ಬರೆಯೋಕೆ ಕೈ ಸರಿ ಇದೆ,” ಎಂದರು ಅವರು. ಮೊದಲಿನ ಮೂರು ಲೋಟ ಬಂದು ಹೋದವು. ಮೂರಕ್ಕೂ ಯಜಮಾನರು ಏನೂ ಬರೆಯಲಿಲ್ಲ. ತಣ್ಣಗಿದೆ, ನೊರೆ ಚೆನ್ನಾಗಿದೆ, ಇಷ್ಟು ನನಗೆ ಗೊತ್ತಾಗೋದು ಎಂದು ಸರಳವಾಗಿ ಹೇಳಿ ಪಕ್ಕಕ್ಕೆ ಸರಿಸಿದರು. ಜ್ವರದಿಂದೀಚೆ ವಾಸನೆ ಇಲ್ಲವೆಂಬುದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸ್ಟುಡಿಯೋದವನು ಲೋಟ ಒರೆಸುವ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಮೂರನೆಯದು ಅವನು ಎದೆಗೊತ್ತಿಕೊಂಡು ತಂದ ಬಿಯರು. ಅದಕ್ಕೆ ಸಿಸ್ಟರು “ಚೊಕ್ಕ, ತೆಳು” ಎಂದು ಬರೆದಿದ್ದರು. ಮೂರು ಸಲ ಬಾಟಲಿ ತೊಳೆದದ್ದು ನೆನಪಾಯಿತು.

ನಾಲ್ಕನೆಯ ಲೋಟ ಬಂತು. ಮೇಲೆ ಬಿಳಿ ನೊರೆ, ಗಟ್ಟಿಯಾಗಿ, ನಿಶ್ಚಲವಾಗಿ. ಲೋಟ ಇನ್ನೂ ಮೇಜಿನ ಮೇಲಿದ್ದಾಗಲೇ ಅವನಿಗೆ ಗೊತ್ತಾಯಿತು. ಒದ್ದೆ ಬಟ್ಟೆಯನ್ನು ಎರಡು ದಿನ ಮೂಲೆಯಲ್ಲಿ ಮರೆತಂಥ ವಾಸನೆ, ಅದರ ಹಿಂದೆ ಚುರುಕಾದ ಹುಳಿ. ಕುಡಿದ. ನಾಲಿಗೆಯ ಅಂಚು ಹಿಂಡಿಕೊಂಡಿತು. ಹುದುಗುವಾಗ ಕೆಟ್ಟದ್ದಲ್ಲ, ಆಮೇಲೆ ಕೆಟ್ಟದ್ದು. ಬಿಯರು ಇಳಿಸುವ ಯಾವುದೋ ರಬ್ಬರು ಕೊಳವೆಯ ಒಳಗೋಡೆಗೆ ಏನೋ ಅಂಟಿ ಕೂತಿದೆ. ಇದನ್ನು ಯಜಮಾನರೇ ಅವನಿಗೆ ಒಂದು ಮಧ್ಯಾಹ್ನವಿಡೀ ಕೂರಿಸಿಕೊಂಡು ಕಲಿಸಿದ್ದರು, ಕೆಟ್ಟ ಬಿಯರಿನ ಒಂದೊಂದು ಹುಳಿಗೂ ಒಂದೊಂದು ಊರಿದೆ, ಎಲ್ಲಿಂದ ಬಂತೆಂದು ಮೂಸಿ ಹೇಳಬಹುದು ಎಂದು. ಕೈ ರೂಢಿಯ ಪ್ರಕಾರ ಬರೆಯಿತು: “ಹುಳಿ. ಕೊಳವೆ ಕೆಟ್ಟಿದೆ. ಇದ್ದದ್ದನ್ನೆಲ್ಲ ಚೆಲ್ಲಬೇಕು.” ಬರೆದು ತಲೆಯೆತ್ತಿದ. ಎದುರಿಗೆ ಯಜಮಾನರು ತಮ್ಮ ಲೋಟವನ್ನು ಮುಟ್ಟದೆ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಬಂದ ಹುಡುಗನ ತಂದೆಯ ಹಾಗೆ ಕೂತಿದ್ದರು. ಕೆನ್ನೆಯ ಮೇಲೆ ಆ ಒಣಗಿದ ಸೋಪು. ಮೂಗಿಲ್ಲದೆ, ಇಡೀ ತಿಂಗಳು ಶೆಡ್ಡಿನಲ್ಲಿ ಒಬ್ಬರೇ, ಅಂದಾಜಿನ ಮೇಲೆ, ನೆನಪಿನ ಮೇಲೆ ಮಾಡಿದ್ದು. ಇನ್ನೊಂದು ಸಲ ನನ್ನ ಬಾಯಿಂದಲೇ ಇವರಿಗೆ ಅವಮಾನವಾಗಬೇಕೆ ಎನಿಸಿತು. ಎನಿಸಿದ್ದು ಸುಳ್ಳಲ್ಲ. ಆದರೆ ಆ ಸಂಕಟದ ಒಳಗೆ ಒಂದು ಸಣ್ಣ ಖುಷಿಯೂ ಇತ್ತು. ಸಾಲ ತೀರಿಸಲು ಇದಕ್ಕಿಂತ ಸುಲಭವಾದ ದಾರಿ ಸಿಗುತ್ತಿರಲಿಲ್ಲ. ಅವನು ಚೀಟಿಯನ್ನು ಮಗುಚಿದ. ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಬರೆದ: “ಹೊಸ ಬ್ರೆಡ್ಡಿನ ವಾಸನೆ, ತೆಳುವಾಗಿ ಜೇನು. ಇವತ್ತಿನದರಲ್ಲಿ ಇದೇ ಚೆನ್ನಾಗಿದೆ.”

“ಇವತ್ತು ನಾನು ಕೊನೆಗೆ ಓದ್ತೀನಿ,” ಎಂದರು ಯಜಮಾನರು. ನಿಯಮ ಮಾಡಿದವರೇ ನಿಯಮ ಮುರಿದಾಗ ಯಾರು ಬೇಡವೆನ್ನುತ್ತಾರೆ. ಸ್ಟುಡಿಯೋದವನು ಓದಿದ, ಬಹಳ ಹದವಾಗಿದೆ, ಇನ್ನೊಂದು ಲೋಟ ಕುಡಿಯಬಹುದು ಎಂದು. ಓದುವಾಗ ಅವನ ಲೋಟದಲ್ಲಿ ಮುಕ್ಕಾಲು ಹಾಗೆಯೇ ಇತ್ತು. ಸಿಸ್ಟರು ತಮಗೆ ನೆಗಡಿಯಾಗಿದೆ, ಈ ಸಲ ಬರೆಯುವುದಿಲ್ಲ ಎಂದರು. ಬಂದಾಗಿನಿಂದ ಅವರು ಒಂದು ಸಲವೂ ಸೀನಿರಲಿಲ್ಲ. ಅವನ ಸರದಿ ಬಂತು. ಹಿಂಬದಿಯದನ್ನು ಓದಿದ. ಓದುತ್ತ ಓದುತ್ತ ದನಿಗೆ ಒಂದು ಹುರುಪು ಕೂಡಿಕೊಂಡಿತು, ಚೀಟಿಯಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದ, “ನಿಮ್ಮ ಕೈ ಇನ್ನೂ ಹೋಗಿಲ್ಲ ಅನ್ನಿಸುತ್ತೆ, ಇದನ್ನ ಮಾಡಿದವರದ್ದು.” ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಮುಚ್ಚಿದ ಕಣ್ಣಿನ ಮೇಲೆ ಏನೋ ಒಂದು ಬೆಳಕು ಬಂದು ಹೋದ ಹಾಗಾಯಿತು, ಅಥವಾ ಅದು ಕಿಟಕಿಯ ಬೆಳಕು. ಆಮೇಲೆ ಕಣ್ಣು ತೆರೆದು, ಮೇಜಿನ ಮೇಲಿಂದ ಕೈ ಚಾಚಿ, ಅವನ ಬೆರಳುಗಳ ಕೆಳಗಿಂದ ಚೀಟಿಯನ್ನು ಮೆಲ್ಲಗೆ ಎಳೆದುಕೊಂಡರು. ಎಳೆದುಕೊಂಡು, ಮಗುಚಿದರು.

ಜೇಬಿನಿಂದ ಕನ್ನಡಕ ತೆಗೆಯಲು, ಅದರ ಕಡ್ಡಿ ಬಿಡಿಸಲು, ಕಿವಿಗೆ ಸಿಕ್ಕಿಸಲು ಅವರು ತೆಗೆದುಕೊಂಡ ಹೊತ್ತು ದೊಡ್ಡದು. ಅಷ್ಟು ಹೊತ್ತಿನಲ್ಲಿ ಅವನು ಏನಾದರೂ ಹೇಳಬಹುದಾಗಿತ್ತು. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸುತ್ತ ಹೋದರು. ಯಜಮಾನರು ಓದಿದರು, ಗಟ್ಟಿಯಾಗಿ, ಒಂದು ಅಕ್ಷರವನ್ನೂ ಬದಲಿಸದೆ. “ಹುಳಿ. ಕೊಳವೆ ಕೆಟ್ಟಿದೆ. ಇದ್ದದ್ದನ್ನೆಲ್ಲ ಚೆಲ್ಲಬೇಕು.” ಓದಿ ಚೀಟಿಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಸಪಾಟು ಮಾಡಿದರು. “ಎರಡೂ ಕಡೆ ಬರೆಯೋ ಅಭ್ಯಾಸ ಬಿಡಲಿಲ್ಲ ನೀನು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಸ್ಟುಡಿಯೋದವನು ಏನೋ ಹೇಳಲು ಬಾಯಿ ತೆರೆದ. ಸಿಸ್ಟರು ಅವನ ತೋಳು ಮುಟ್ಟಿದರು. ಯಜಮಾನರು ನಿಧಾನವಾಗಿ, ಎಲ್ಲೋ ಬೇರೆಯವರ ವಿಷಯವೆಂಬಂತೆ ಹೇಳಿದರು. ಮನೆಯಲ್ಲಿ ಬೆಳಿಗ್ಗೆಯೇ ಗೊತ್ತಾಗಿತ್ತಂತೆ. ನಲವತ್ತು ವರ್ಷದಲ್ಲಿ ಒಂದು ಹನಿ ಬಾಯಿಗಿಟ್ಟವಳಲ್ಲ ಅವರ ಹೆಂಡತಿ. ಇವರ ಸಂಕಟ ನೋಡಲಾರದೆ, ಕೊಡಿ ಇತ್ಲಾಗೆ ಎಂದು, ಅವನು ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ತೆಗೆದು ಪಕ್ಕಕ್ಕಿಟ್ಟು, ಸರಿಯಾಗಿ ರುಚಿ ಗೊತ್ತಾಗಲೆಂದು ಬರೀ ಬಾಯಲ್ಲಿ ಒಂದು ಗುಟುಕು ಕುಡಿದು, ಸಿಂಕಿಗೆ ಉಗಿದು, ಹುಳಿ ಬಂದಿದೆ ಎಂದಳಂತೆ. “ಹುಳಿ ಅನ್ನೋದು ಅವಳಿಗೆ ಗೊತ್ತಾಯ್ತು. ಎಲ್ಲಿಂದ ಬಂತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು. ಅದು ಗೊತ್ತಾಗೋದು ನಿನಗೊಬ್ಬನಿಗೇ. ನಾನು ಕಲಿಸಿದ್ದಲ್ವಾ.” ಚೀಟಿಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು, “ಹೋದ ತಿಂಗಳದ್ದು ಬಿಡು. ನಾನೂ ನಿನ್ನ ಚೀಟಿ ಕದ್ದು ನೋಡ್ತಿದ್ದೆ. ತಪ್ಪು ನನ್ನದೂ ಇತ್ತು. ಇನ್ಮೇಲೆ ಕದಿಯೋದು ಬೇಡ, ನೇರವಾಗಿ ಕೇಳೋಣ, ನನ್ನ ಕೈ, ಇವನ ಮೂಗು, ಇನ್ನೂ ಒಂದೈದು ವರ್ಷ ಮಾಡಬಹುದು ಅಂದ್ಕೊಂಡು ಬಂದೆ.”

“ಯಜಮಾನ್ರೇ,” ಎಂದ ಅವನು. ಒಂದು ತಿಂಗಳು ಜೋಡಿಸಿದ ಮಾತುಗಳೆಲ್ಲ ಎಲ್ಲಿ ಹೋದವೋ. “ನಿಮಗೆ ಬೇಜಾರಾಗುತ್ತೆ ಅಂತ.”

“ಬೇಜಾರಾಗುತ್ತಿತ್ತು,” ಎಂದರು ಅವರು. “ಆಮೇಲೆ ಚೆಲ್ಲಿ, ಹೊಸ ಕೊಳವೆ ತಂದು, ಮತ್ತೆ ಮಾಡ್ತಿದ್ದೆ.” ಕನ್ನಡಕ ಮಡಿಸಿ ಜೇಬಿಗಿಟ್ಟು ಎದ್ದರು. ಸ್ಟುಡಿಯೋದವನು ಕೆಳಗಿನವರೆಗೆ ಬರುತ್ತೇನೆಂದ, ಬೇಡವೆಂದರು. ಮುಂದಿನ ತಿಂಗಳು ಎಂದು ಸಿಸ್ಟರು ಶುರು ಮಾಡಿದ್ದಕ್ಕೆ, ಬೇಕರಿಗೆ ಬನ್ನಿ ಸಿಸ್ಟರೇ, ಬನ್ನು ಈಗಲೂ ಚೆನ್ನಾಗೇ ಬರುತ್ತೆ, ಗಡಿಯಾರ ಇದೆಯಲ್ಲ ಎಂದು ನಕ್ಕರು. ಅವನ ಹೆಗಲ ಮೇಲೆ, ಬಾಗಿಲಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಕುರ್ಚಿಯ ಬೆನ್ನನ್ನು ಹಿಡಿಯುವ ಹಾಗೆ, ಒಂದು ಸಲ ಕೈಯೂರಿದರು. ಮೆಟ್ಟಿಲ ಮೇಲೆ ಹೆಜ್ಜೆಗಳು ಒಂದೊಂದಾಗಿ ಇಳಿದವು. ಎದ್ದು ಹಿಂದೆ ಹೋಗಬೇಕೆಂದು ಅವನ ಕಾಲಿಗೆ ಅನಿಸಿತು, ಆದರೆ ಹೋಗಿ ಏನು ಹೇಳುವುದು, ಯಾವ ಬದಿಯನ್ನು ಓದುವುದು.

ಪೊಟ್ಟಣ ಕಂಡದ್ದು ಸಿಸ್ಟರಿಗೆ, ಲೋಟಗಳನ್ನು ಎತ್ತುವಾಗ. ಕಿಟಕಿಯ ಕೆಳಗಿನ ಕುರ್ಚಿಯ ಕಾಲಿಗೆ ಒರಗಿಕೊಂಡಿತ್ತು. ಯಜಮಾನರು ಮರೆತುಹೋದರು ಎಂದುಕೊಂಡು ದಾರ ಬಿಚ್ಚಿದವನು ಅವನೇ. ಒಳಗೆ ಬ್ರೆಡ್ಡಿರಲಿಲ್ಲ, ಬನ್ನಿರಲಿಲ್ಲ. ಶೆಡ್ಡಿನ ರಬ್ಬರು ಕೊಳವೆಗಳಿಂದ ಕತ್ತರಿಸಿದ ಮೂರು ತುಂಡು, ಗೇಣುದ್ದ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಎರಡು ತುದಿಗೂ ಹತ್ತಿ ತುರುಕಿದ್ದು. ಮೇಲೆ ಬೇಕರಿಯ ಬಿಲ್ಲಿನ ಹಾಳೆಯನ್ನು ಹರಿದು ಸಿಕ್ಕಿಸಿ, ನಂಬರು ಬರೆದಿದ್ದರು. ಒಂದು, ಬಾರ್ಲಿ ರಸ ಇಳಿಸುವುದು. ಎರಡು, ಬಕೆಟ್ಟಿನದು. ಮೂರು, ಬಾಟಲಿ ತುಂಬುವುದು. ಒಂದೇ ಹಾಳೆಯ ಮೂರು ಚೂರು. ಹಿಂಬದಿಯಲ್ಲಿ ಏನೂ ಇರಲಿಲ್ಲ, ಅವನು ತಿರುಗಿಸಿ ನೋಡಿದ. ಒಂದನೆಯದರ ಹತ್ತಿ ತೆಗೆದು ಮೂಗಿಗೆ ಹಿಡಿದ. ಬರೀ ರಬ್ಬರು, ಸ್ವಲ್ಪ ಸಿಹಿ. ಎರಡನೆಯದನ್ನು ಮೂಗಿನ ಹತ್ತಿರ ತರುವ ಮೊದಲೇ ಆ ಒದ್ದೆ ಬಟ್ಟೆಯ ವಾಸನೆ ಬಂದು ತಾಗಿತು, ಕಣ್ಣಲ್ಲಿ ನೀರು ಬರುವಷ್ಟು. ಮೂರನೆಯದನ್ನೂ ಬಿಡದೆ ಮೂಸಿದ, ಅದು ಚೊಕ್ಕವಾಗಿತ್ತು.

ಅವನು ಕಿಟಕಿ ತೆರೆದ. ರಸ್ತೆಯ ಆ ತುದಿಯವರೆಗೂ ಕಾಣುತ್ತಿತ್ತು. ಬಿಸಿಲಿತ್ತು, ಸೈಕಲ್ಲೊಂದು ಗೋಡೆಗೆ ಒರಗಿತ್ತು, ಎದುರು ಮನೆಯ ಹೆಂಗಸು ಚಾಪೆ ಕೊಡವುತ್ತಿದ್ದಳು. ಯಜಮಾನರು ಎಲ್ಲೂ ಇರಲಿಲ್ಲ.

“ಎರಡನೇದು,” ಎಂದ ಅವನು.

ಹಿಂದೆ ಕತ್ತಲೆಕೋಣೆಯ ಸಿಂಕಿನಲ್ಲಿ ನಲ್ಲಿ ಬಿಟ್ಟು ಲೋಟ ತೊಳೆಯುತ್ತಿದ್ದ ಸಿಸ್ಟರು, ನೀರಿನ ಸದ್ದಿನಲ್ಲಿ ಕೇಳಿಸದೆ, ಏನು ಎಂದು ಕೇಳಿದರು. ಅವನು ಇನ್ನೊಂದು ಸಲ ಹೇಳಿದ.